ಜೋಳ ಅಂದರೆ ಯಾವ ಜೋಳ?

2023ರ ಆಗಸ್ಟ್. ಆ ವರ್ಷ ರಾಜ್ಯದಲ್ಲೆಲ್ಲ ಮಳೆ ಕೈಕೊಟ್ಟಿದ್ದು ನಿಮಗೆ ನೆನಪಿರಬಹುದು. ದಾವಣಗೆರೆಗೆ ಯಾವುದೋ ಕೆಲಸಕ್ಕೆ ಬಂದವನು ಎಪಿಎಂಸಿ ಹತ್ತಿರ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಕೂತಿದ್ದೆ. ಹರಿಹರದ ಪಕ್ಕದ ಹಳ್ಳಿಯಿಂದ ನನ್ನ ಸೋದರತ್ತೆ ಮಗ ವಾಟ್ಸಾಪ್ ಮಾಡಿದ: "ಭಾವ, ಜೋಳ ಮೊಣಕಾಲುದ್ದ ಬಂದೈತಿ. ಮಳಿ ಇಲ್ಲ, ಮೇವೂ ಇಲ್ಲ. ಕೊಯ್ದು ಆಕಳಿಗೆ ಹಾಕ್ಲಾ?"

ಎಣ್ಣೆ ಕೈಯಲ್ಲೇ ಟೈಪ್ ಮಾಡಿದೆ: "ಹಾಕು, ಏನಾಗಲ್ಲ."

ಸಂಜೆ ಮೆಸೇಜ್ ಬರಲಿಲ್ಲ, ಫೋನೇ ಬಂತು. ಎರಡು ಆಕಳು, ಒಂದು ಕಡಸು ಮೇವು ತಿಂದ ಸ್ವಲ್ಪ ಹೊತ್ತಿಗೇ ಬಾಯಲ್ಲಿ ನೊರೆ, ಮೈಯೆಲ್ಲ ನಡುಕ, ನಿಲ್ಲೋಕಾಗದೆ ತೂರಾಟ. ದನದ ಡಾಕ್ಟ್ರು ಬರೋದರೊಳಗೆ ಕಡಸು ಸತ್ತಿತ್ತು. ಆಕಳುಗಳಿಗೆ ಇಂಜೆಕ್ಷನ್ ಸಿಕ್ಕಿತು, ಉಳಿದವು. ಮನೆಯಲ್ಲೇ ಹುಟ್ಟಿ ಬೆಳೆದ ಕಡಸು ಅದು, ಇನ್ನೊಂದು ವರ್ಷಕ್ಕೆ ಹಾಲು ಕೊಡಬೇಕಿತ್ತು.

ಏನಾಯ್ತು ಅಂದರೆ, ಅವನು ಬಿತ್ತಿದ್ದು ಮೇವಿನ ಬಿಳಿಜೋಳ, ಹಲವು ಸಲ ಕೊಯ್ಯುವ ತಳಿ. ನಾನು ತಿಳಿದದ್ದು ಮೆಕ್ಕೆಜೋಳ ಅಂತ. ದಾವಣಗೆರೆ ಸುತ್ತ ಎಲ್ಲಿ ನೋಡಿದರೂ ಮೆಕ್ಕೆಜೋಳವೇ. ರಸ್ತೆ ಮೇಲೆ ಒಣಗುವುದು ಅದು, ಮಂಡಿಗೆ ಬರುವುದು ಅದು. ಹಾಗಾಗಿ ಬರೀ "ಜೋಳ" ಅಂದರೆ ನನ್ನ ತಲೆಗೆ ಬರುವುದೂ ಅದೇ. ಬೆಳೆದವನದ್ದಾಗಲಿ, ಬೀಜ ಮಾರಿದವರದ್ದಾಗಲಿ ಇದರಲ್ಲಿ ತಪ್ಪಿಲ್ಲ. ಮರುಪ್ರಶ್ನೆ ಕೇಳದೆ ಉತ್ತರ ಕೊಟ್ಟ ತಪ್ಪು ನನ್ನದು.

ಮರುದಿನ ಹೋದಾಗ ಅತ್ತೆ ಬೈಯಲಿಲ್ಲ. "ನಮ್ಮ ಕಾಲದಾಗ ಎಳೇ ಜ್ವಾಳದ ಹೊಲಕ್ಕೆ ದನ ನುಗ್ಗದಂಗೆ ಕಾವಲು ಕಾಯ್ತಿದ್ವಿ. ನೀವು ಓದಿದೋರು, ನಿಮಗ್ ಗೊತ್ತಿರ್ತೈತಿ ಅಂದ್ಕಂಡು ಸುಮ್ಮನಿದ್ದೆ" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಮೊದಲು ವಿಷದ ವಿಷಯ

ಹೆಸರಿನ ಕಥೆಗೆ ಹೋಗುವ ಮುಂಚೆ ಇದನ್ನು ಓದಿಬಿಡಿ, ಮನೆಯಲ್ಲಿ ದನ ಇರುವವರು ಮುಖ್ಯವಾಗಿ. ಬಿಳಿಜೋಳದ ಎಳೆ ಎಲೆಯಲ್ಲಿ ಧುರಿನ್ ಎಂಬ ವಸ್ತು ಇರುತ್ತದೆ. ದನ ಅಗಿದಾಗ ಅದು ಒಡೆದು ಹೈಡ್ರೋಜನ್ ಸಯನೈಡ್ ಆಗುತ್ತದೆ. ರಕ್ತದಲ್ಲಿ ಆಮ್ಲಜನಕ ಇದ್ದರೂ ಜೀವಕೋಶಗಳು ಅದನ್ನು ಬಳಸಿಕೊಳ್ಳಲಾಗದ ಹಾಗೆ ಸಯನೈಡ್ ತಡೆಯುತ್ತದೆ. ಕೆಲವೇ ನಿಮಿಷಗಳಲ್ಲಿ ದನ ಬೀಳಬಹುದು. ಮೊಣಕಾಲುದ್ದದ ಪೈರಿನಲ್ಲಿ, ಬರಕ್ಕೆ ಸಿಕ್ಕಿ ಬಾಡಿದ ಪೈರಿನಲ್ಲಿ, ಕೊಯ್ದ ಮೇಲೆ ಅಥವಾ ಬಾಡಿದ ಪೈರಿಗೆ ಮಳೆ ಬಿದ್ದ ಮೇಲೆ ಒಡೆಯುವ ಮರಿ ಚಿಗುರಿನಲ್ಲಿ ಇದು ಹೆಚ್ಚು. ನಮ್ಮ ಹುಡುಗನ ಹೊಲದಲ್ಲಿ ಮೊದಲ ಎರಡೂ ಸೇರಿದ್ದವು.

ಮೇವಿನ ಬಿಳಿಜೋಳದ ಮೊದಲ ಕೊಯ್ಲು ಹೂ ಬರುವ ಹಂತಕ್ಕೆ, ಅಂದಾಜು 55ರಿಂದ 60 ದಿನಕ್ಕೆ. ಅದಕ್ಕಿಂತ ಮುಂಚೆ ಹಸಿಯಾಗಿ ಹಾಕಬೇಡಿ. ಚೆನ್ನಾಗಿ ಒಣಗಿಸಿದರೆ ಹೆಚ್ಚಿನ ವಿಷ ಹೋಗುತ್ತದೆ. ನಮ್ಮ ಹಿರಿಯರು ಕೊಯ್ಲಾದ ಮೇಲಿನ ಒಣ ಸೊಪ್ಪೆಯನ್ನು ವರ್ಷವಿಡೀ ನಿಶ್ಚಿಂತೆಯಿಂದ ಹಾಕುತ್ತಿದ್ದದ್ದು ಅದಕ್ಕೇ. ಆದರೂ ದನ ನಡುಗಿತು ಅಂದರೆ ಮನೆಮದ್ದು ಹುಡುಕುತ್ತಾ ಕೂರಬೇಡಿ. ಉಳಿದ ಮೇವು ಎತ್ತಿಟ್ಟು ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ, "ಎಳೇ ಬಿಳಿಜೋಳ ತಿಂದಿದೆ" ಅಂತಲೇ ಹೇಳಿ. ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ರಕ್ತನಾಳಕ್ಕೆ ಕೊಡಬೇಕಾದ ಮದ್ದು. ಅದು ಅವರ ಕೈಯಿಂದಲೇ ಆಗಬೇಕು, ಬೇಗ ಆಗಬೇಕು.

ಮೆಕ್ಕೆಜೋಳದಲ್ಲಿ ಈ ಸಯನೈಡ್ ಭಯ ಇಲ್ಲ. (ಬರಕ್ಕೆ ಸಿಕ್ಕಿದ, ಯೂರಿಯಾ ಜಾಸ್ತಿ ಬಿದ್ದ ಮೆಕ್ಕೆಜೋಳದಲ್ಲಿ ನೈಟ್ರೇಟ್ ಸೇರಿಕೊಳ್ಳಬಹುದು, ಅದು ಬೇರೆ ಕಥೆ.) ಹಾಗಾದರೆ ಇಷ್ಟು ಬೇರೆಯಾದ ಎರಡು ಬೆಳೆಗೆ ಒಂದೇ ಹೆಸರು ಹೇಗೆ ಬಂತು? ಕಡಸು ಸತ್ತ ಮೇಲೆ ನನಗೆ ಇದೇ ಗುಂಗು ಹಿಡಿಯಿತು. ಹುಡುಕುತ್ತಾ ಹೋದರೆ ಈ ಗೊಂದಲ ದಾವಣಗೆರೆಯದ್ದು ಮಾತ್ರ ಅಲ್ಲ, ಅರ್ಧ ಭೂಮಿಯದ್ದು.

ಹಳೇ ಧಾನ್ಯದ ಹೆಸರು, ಹೊಸ ಧಾನ್ಯಕ್ಕೆ

ಪಂಪನ ಕಾಲದಲ್ಲಿ, ಅಂದರೆ 10ನೇ ಶತಮಾನದಲ್ಲಿ, ಕನ್ನಡದಲ್ಲಿ ಜೋಳ ಅಂದರೆ ಒಂದೇ. ಈಗ ನಾವು ಬಿಳಿಜೋಳ ಅನ್ನುವುದು. ಉಪ್ಪಿನ ಋಣ ಅನ್ನುತ್ತೇವಲ್ಲ, ಆಗ ಅದನ್ನು "ಜೋಳವಾಳಿ" ಅನ್ನುತ್ತಿದ್ದರು. ಅನ್ನ ಹಾಕಿದ ಒಡೆಯನಿಗಾಗಿ ಜೀವ ಕೊಡುವ ನಿಷ್ಠೆ. ಕನ್ನಡಿಗರ ಊಟದಲ್ಲಿ ಜೋಳಕ್ಕೆ ಎಂಥ ಜಾಗ ಇತ್ತು ಅಂತ ಆ ಒಂದು ಪದದಿಂದಲೇ ಗೊತ್ತಾಗುತ್ತದೆ. ಹಾಗಂತ ಬಿಳಿಜೋಳವೂ ಇಲ್ಲೇ ಹುಟ್ಟಿದ್ದಲ್ಲ. ಆಫ್ರಿಕಾದ ಈಶಾನ್ಯ ಭಾಗದಿಂದ ಸಾವಿರಾರು ವರ್ಷದ ಹಿಂದೆ ಬಂದ ಬೆಳೆ. ಬಂದು ಎಷ್ಟು ಕಾಲವಾಯಿತೆಂದರೆ ಅದು ನಮ್ಮದೇ ಆಗಿಹೋಗಿದೆ.

ಪಂಪ ಬರೆಯುತ್ತಿದ್ದಾಗ ಮೆಕ್ಕೆಜೋಳ ಸಮುದ್ರದ ಆಚೆ ಇತ್ತು. ಸುಮಾರು 9000 ವರ್ಷದ ಹಿಂದೆ ದಕ್ಷಿಣ ಮೆಕ್ಸಿಕೋದ ಬಾಲ್ಸಾಸ್ ನದಿ ಕಣಿವೆಯ ಜನ ಟಿಯೋಸಿಂಟೆ ಎಂಬ ಕಾಡುಹುಲ್ಲನ್ನು ಆರಿಸಿ ಆರಿಸಿ ಬಿತ್ತಿ ಮಾಡಿದ ಬೆಳೆ ಇದು. ಆ ಹುಲ್ಲಿನ ತೆನೆಯ ಫೋಟೋ ಮೊಬೈಲಿನಲ್ಲಿ ಹುಡುಕಿ ನೋಡಿ. ಬೆರಳಿಗಿಂತ ಸಣ್ಣದು, ಗಟ್ಟಿ ಸಿಪ್ಪೆಯ ಬೆರಳೆಣಿಕೆ ಕಾಳು. ಅಲ್ಲಿಂದ ಇವತ್ತಿನ ತೆನೆವರೆಗೆ ತಂದವರು ಯಾವ ಕಂಪನಿಯೂ ಅಲ್ಲ, ನಮ್ಮಂಥ ರೈತರು. ಓದುವಾಗ ನನಗೆ ಇದು ಪರೀಕ್ಷೆಯ ಎರಡು ಮಾರ್ಕಿನ ಪ್ರಶ್ನೆಯಾಗಿತ್ತು. ಸ್ವಂತ ಬೀಜ ಆರಿಸಿ ಇಡಲು ಶುರು ಮಾಡಿದ ಮೇಲೆ ಅದರ ಶ್ರಮ ಅರ್ಥವಾಯಿತು.

1492ರಲ್ಲಿ ಕೊಲಂಬಸ್ ಕೆರಿಬಿಯನ್ ದ್ವೀಪಗಳಿಗೆ ಬಂದಾಗ ಅಲ್ಲಿದ್ದವರು ಟೈನೋ ಜನ. ಈ ಧಾನ್ಯವನ್ನು ಅವರು ಕರೆಯುತ್ತಿದ್ದದ್ದು "ಮಹಿಜ್" ಎಂಬಂಥ ಹೆಸರಿನಿಂದ. ಅದೇ ಸ್ಪ್ಯಾನಿಷ್‌ನಲ್ಲಿ ಮಾಯಿಸ್, ಇಂಗ್ಲಿಷಿನಲ್ಲಿ ಮೇಜ್. 1753ರಲ್ಲಿ ಲಿನ್ನೇಯಸ್ ಗಿಡಕ್ಕೆ ಝಿಯಾ ಮೇಸ್ ಅಂತ ಹೆಸರಿಟ್ಟಾಗ ಎರಡನೇ ಪದ ಟೈನೋ ಜನರದ್ದು. ಮೊದಲನೆಯದು, ಝಿಯಾ, ಗ್ರೀಕರ ಹಳೇ ಧಾನ್ಯವೊಂದರ ಹೆಸರು. ವಿಜ್ಞಾನಿಗಳೂ ಹಳೇ ಧಾನ್ಯದ ಹೆಸರನ್ನೇ ಹೊಸದಕ್ಕೆ ಅಂಟಿಸಿದರು ನೋಡಿ. ಟೈನೋ ಜನರು ಯುದ್ಧ, ದುಡಿಮೆ, ರೋಗಕ್ಕೆ ಸಿಕ್ಕಿ ಕೆಲವೇ ದಶಕಗಳಲ್ಲಿ ಬಹುಪಾಲು ಅಳಿದುಹೋದರು. ಅವರ ಪದಗಳು ಉಳಿದವು. ಬೆಳಗಾವಿ, ಹುಬ್ಬಳ್ಳಿ ಕಡೆ ಆಲೂಗಡ್ಡೆಗೆ "ಬಟಾಟಿ" ಅನ್ನುತ್ತಾರಲ್ಲ, ಅದೂ ಟೈನೋ ಪದವೇ. ಪೋರ್ಚುಗೀಸರ ಬಾಯಿಂದ ನಮ್ಮ ಸಂತೆಗೆ ಬಂದದ್ದು.

ಹಡಗಿನಲ್ಲಿ ಹೊರಟ ಧಾನ್ಯ ಬೇಗ ಹರಡಿತು, ಹೆಸರು ಅಷ್ಟೇ ಬೇಗ ಹರಡಲಿಲ್ಲ. ಹೊಸ ಕಾಳು ಕೈಗೆ ಬಂದ ಕಡೆಯಲ್ಲೆಲ್ಲ ಜನ ಹೆಚ್ಚುಕಡಿಮೆ ಒಂದೇ ಕೆಲಸ ಮಾಡಿದರು: ತಮಗೆ ಗೊತ್ತಿದ್ದ ಧಾನ್ಯದ ಹೆಸರು ತೆಗೆದುಕೊಂಡು, ಅದರ ಮುಂದೆ "ಎಲ್ಲಿಂದಲೋ ಬಂದದ್ದು" ಅಂತ ಒಂದು ಊರಿನ ಹೆಸರು ಸೇರಿಸಿದರು. ಆ ಊರು ಮಾತ್ರ ಎಲ್ಲ ಕಡೆಯೂ ತಪ್ಪು.

ಜರ್ಮನಿಯ ಲಿಯೋನ್ಹಾರ್ಟ್ ಫುಕ್ಸ್ 1542ರ ತನ್ನ ಗಿಡಮೂಲಿಕೆ ಪುಸ್ತಕದಲ್ಲಿ ಇದನ್ನು "ಟರ್ಕಿಯ ಧಾನ್ಯ" ಅಂದ. ಇಟಲಿಯವರು ಇವತ್ತಿಗೂ ಗ್ರಾನೋತುರ್ಕೋ ಅನ್ನುತ್ತಾರೆ, ಅದರಲ್ಲಿರುವುದೂ ಟರ್ಕಿಯೇ. ಸರಿ, ಟರ್ಕಿಯವರು ಏನಂತಾರೆ? "ಮಿಸಿರ್". ಹಾಗಂದರೆ ಈಜಿಪ್ಟ್. ಈಜಿಪ್ಟಿನವರನ್ನು ಕೇಳಿದರೆ "ದುರಾ ಶಾಮಿ", ಅಂದರೆ ಸಿರಿಯಾ ಕಡೆಯ ಜೋಳ. ಪೂರ್ವ ಆಫ್ರಿಕಾದ ಸ್ವಾಹಿಲಿಯಲ್ಲಿ ಇದು "ಮಹಿಂದಿ", ಹಿಂದ್ ದೇಶದ್ದು. ನಮ್ಮ ತಲೆಗೇ ಕಟ್ಟಿದರು! ನಾವು? ಮೆಕ್ಕೆಜೋಳ. ಹಿಂದಿಯ ಮಕ್ಕಾ, ತಮಿಳಿನ ಮಕ್ಕಾಚೋಳಂ, ತೆಲುಗಿನ ಮೊಕ್ಕಜೊನ್ನ ಎಲ್ಲವೂ ಇದರ ಬಂಧುಗಳು. ಈ ಹೆಸರಿಗೆ ಹೆಚ್ಚಾಗಿ ಹೇಳುವ ವಿವರಣೆ ಮೆಕ್ಕಾ ಪಟ್ಟಣದ್ದು. ಅರಬ್ಬಿ ಸಮುದ್ರದ ಹಡಗುಗಳಲ್ಲಿ ಪಶ್ಚಿಮದಿಂದ ಏನೇ ಬಂದರೂ ಆ ಕಡೆಯದ್ದು ಅಂತ ತಿಳಿಯುವುದು ಸಹಜವೇ ಆಗಿತ್ತು. (ಬೇಲಿ ಮೇಲೆ ಹಬ್ಬುವ ಮೆಕ್ಕೆಕಾಯಿ ಬಳ್ಳಿಗೂ ಮೆಕ್ಕೆಜೋಳಕ್ಕೂ ಗಿಡದ ಕುಲದಲ್ಲಿ ಏನೂ ನಂಟಿಲ್ಲ. ಅದು ಸೌತೆ ಜಾತಿ, ಇದು ಹುಲ್ಲಿನ ಜಾತಿ.)

ಕನ್ನಡದಲ್ಲೇ ಇನ್ನೆರಡು ಹೆಸರಿವೆ. ಹಾವೇರಿ, ಧಾರವಾಡದ ಕಡೆ ಗೋವಿನಜೋಳ. ಮೈಸೂರು, ಮಂಡ್ಯದ ಕಡೆ ಮುಸುಕಿನ ಜೋಳ, ಅಂದರೆ ಸಿಪ್ಪೆಯ ಮುಸುಕು ಹೊದ್ದ ಜೋಳ. ನನ್ನ ಪ್ರಕಾರ ಇದ್ದದ್ದರಲ್ಲಿ ಪ್ರಾಮಾಣಿಕ ಹೆಸರು ಇದೇ. ಎಲ್ಲಿಂದ ಬಂತು ಅಂತ ಹೇಳುವ ಉಸಾಬರಿ ಇಲ್ಲ, ನೋಡಿದ್ದನ್ನು ಹೇಳುತ್ತದೆ.

ಇನ್ನು ನನ್ನ ಕಡಸಿನ ವಿಷಯಕ್ಕೆ ಹತ್ತಿರವಾದದ್ದು ಬೇರೆಯೇ ಇದೆ. ಹೊಸ ಬೆಳೆ ಬಲಿತು ಹೊಲವೆಲ್ಲ ತುಂಬಿಕೊಂಡ ಮೇಲೆ ಮುಂದಿನ ಊರಿನ ಹೆಸರು ಉದುರಿಹೋಗುತ್ತದೆ. ಆಮೇಲೆ ಹಳೇ ಧಾನ್ಯವೇ ತಾನು ಯಾರು ಅಂತ ಹೇಳಿಕೊಳ್ಳಬೇಕಾಗುತ್ತದೆ. ಪೋರ್ಚುಗೀಸಿನಲ್ಲಿ "ಮಿಲ್ಯು" ಅಂದರೆ ಮೊದಲು ಸಿರಿಧಾನ್ಯ. ಈಗ ಬರೀ ಮಿಲ್ಯು ಅಂದರೆ ಮೆಕ್ಕೆಜೋಳ, ಹಳೆಯದಕ್ಕೆ "ಸಣ್ಣ ಮಿಲ್ಯು" ಅನ್ನಬೇಕು. ದಕ್ಷಿಣ ಆಫ್ರಿಕಾದಲ್ಲಿ ಮೆಕ್ಕೆಜೋಳಕ್ಕೆ ಮೀಲಿ ಅನ್ನುವುದೂ ಅದೇ ಪದದಿಂದ. ಇಂಗ್ಲಿಷಿನ "ಕಾರ್ನ್" ಮೂಲದಲ್ಲಿ ಯಾವ ಕಾಳಾದರೂ ಸರಿ. ಅಮೆರಿಕಕ್ಕೆ ಹೋದವರು ಇದನ್ನು "ಇಂಡಿಯನ್ ಕಾರ್ನ್" ಅಂದರು, ಬರಬರುತ್ತಾ ಇಂಡಿಯನ್ ಬಿದ್ದುಹೋಗಿ ಕಾರ್ನ್ ಅಂದರೆ ಮೆಕ್ಕೆಜೋಳವೇ ಆಯಿತು. ದಾವಣಗೆರೆಯಲ್ಲಿ ಆಗಿರುವುದು ಇದೇ. "ಮೆಕ್ಕೆ" ನಾಲಿಗೆಯಿಂದ ಉದುರುತ್ತಿದೆ, ಸಾವಿರ ವರ್ಷದಿಂದ ಬರೀ ಜೋಳ ಆಗಿದ್ದದ್ದು "ಬಿಳಿಜೋಳ" ಅಂತ ಹೇಳಿಕೊಳ್ಳಬೇಕಾಗಿದೆ. ಅತ್ತೆಯ ಬಾಯಲ್ಲಿ ಜ್ವಾಳ ಅಂದರೆ ಇನ್ನೂ ಹಳೆಯದು. ಮಗ ಅಮ್ಮನ ಮಾತನ್ನೇ ಟೈಪ್ ಮಾಡಿದ್ದ. ಓದಿದವನು ನಾನು, ಮಂಡಿಯ ಮಾತಿನವನು.

ಅಂದಹಾಗೆ ಆ ವಿಷದ ಹೆಸರು ಧುರಿನ್ ಬಂದದ್ದು ಜೋಳದ ಅರಬ್ಬಿ ಹೆಸರು "ದುರಾ" ಎಂಬುದರಿಂದ. ಈಜಿಪ್ಟಿನವರು ಮೆಕ್ಕೆಜೋಳಕ್ಕೂ ದುರಾ ಅನ್ನುತ್ತಾರೆ ಅಂದೆನಲ್ಲ. ಅಲ್ಲಿಯ ರೈತನೂ ಯಾವತ್ತೋ ನನ್ನ ಹಾಗೆ ಎಡವಿರಬಹುದು.

ಹರಿಹರದಲ್ಲಿ ಕಲ್ಲು ನೋಡುತ್ತಾ

ಹರಿಹರಕ್ಕೆ ಹೋದಾಗಲೆಲ್ಲ ಹರಿಹರೇಶ್ವರ ದೇವಸ್ಥಾನಕ್ಕೆ ಹೋಗಿಬರುತ್ತೇನೆ. 13ನೇ ಶತಮಾನದಲ್ಲಿ ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೊಲಾಳ್ವ ಕಟ್ಟಿಸಿದ್ದು. ಅಲ್ಲಿ ಒಮ್ಮೆ ಒಬ್ಬ ಗೆಳೆಯ, "ಹೊಯ್ಸಳರ ಶಿಲ್ಪದಾಗೆ ಮೆಕ್ಕೆಜೋಳ ಐತಂತೆ, ಕೊಲಂಬಸ್‌ಗಿಂತ ಮುಂಚೇನೇ ನಮ್ಮತ್ರ ಇತ್ತಂತೆ" ಅಂತ ಮೊಬೈಲ್ ತೋರಿಸಿದ. ನಿಮಗೂ ಈ ಫಾರ್ವರ್ಡ್ ಬಂದಿರಬಹುದು.

ಇದು ಪೂರ್ತಿ ಗಾಳಿಮಾತಲ್ಲ. ಸೋಮನಾಥಪುರದ ಕೇಶವ ದೇವಾಲಯದ ಕೆಲವು ಮೂರ್ತಿಗಳ ಕೈಯಲ್ಲಿ ಸಾಲುಸಾಲು ಕಾಳಿನ, ತೆನೆಯಂಥ ವಸ್ತು ಇದೆ. 1989ರಲ್ಲಿ ಅಮೆರಿಕದ ಕಾರ್ಲ್ ಜೋಹಾನ್ಸೆನ್ ಮತ್ತು ಆನ್ ಪಾರ್ಕರ್ ಅದು ಮೆಕ್ಕೆಜೋಳವೇ ಅಂತ ವಾದಿಸಿದರು. 1993ರಲ್ಲಿ ಭಾರತದ ವಿಜ್ಞಾನಿಗಳಾದ ಪಾಯಕ್ ಮತ್ತು ಸಚಾನ್ ಅಲ್ಲಗಳೆದರು. ಅದು ಮುಕ್ತಾಫಲ, ಮುತ್ತು ಪೋಣಿಸಿದ ಕಲ್ಪನೆಯ ಹಣ್ಣು ಅನ್ನುವುದು ಅವರ ಉತ್ತರ. ಹೆಚ್ಚಿನ ವಿದ್ವಾಂಸರು ಇವರ ಕಡೆಗಿದ್ದಾರೆ, ನಾನೂ. ಗೆಳೆಯನಿಗೆ ನಾನು ಹೇಳಿದ್ದು ಇಷ್ಟೇ: ಶಿಲ್ಪಿಯ ಕಣ್ಣಿಗೆ ಬೀಳುವಷ್ಟು ಬೆಳೆ ನಾಡಲ್ಲಿದ್ದರೆ ಅದಕ್ಕೆ ಅದರದ್ದೇ ಒಂದು ಹಳೇ ಕನ್ನಡ ಹೆಸರು ಇರಬೇಕಿತ್ತು. ಜೋಳದ ಹೆಸರು ಸಾಲ ತಂದು ಮುಂದೆ ಮೆಕ್ಕೆ ಸೇರಿಸುವ ಗತಿ ಬರುತ್ತಿರಲಿಲ್ಲ.

"ಫಾಲ್" ಅಂದರೆ ಬೀಳುವುದಲ್ಲ

ಬೆಳೆಯ ಹಿಂದೆ ಅದರ ಹುಳುವೂ ಬಂತು, ಮತ್ತೆ ಅದೇ ಅಮೆರಿಕದಿಂದ. ಬೆಳೆಗಿಂತ ಶತಮಾನಗಳಷ್ಟು ತಡವಾಗಿ. 2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಂಡ ಫಾಲ್ ಸೈನಿಕ ಹುಳು 2018ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಶಿವಮೊಗ್ಗದಲ್ಲಿ ಸಿಕ್ಕಿತು. ಭಾರತದಲ್ಲಿ ಅದೇ ಮೊದಲು. ನಮ್ಮ ಕಡೆ ಲದ್ದಿ ಹುಳು ಅನ್ನುವುದು ಸುಳಿಯಲ್ಲಿ ಅದು ಬಿಡುವ ಹಿಕ್ಕೆ ನೋಡಿ. ಆ ವರ್ಷ ಕರಪತ್ರದಲ್ಲಿ "ಫಾಲ್" ಅಂತ ಓದಿ ಎಷ್ಟೋ ಜನ ನನ್ನನ್ನು ಕೇಳಿದ್ದು, "ಗಿಡ ಬೀಳ್ತಾವೇನ್ರಿ?" ಬೀಳುವುದಿಲ್ಲ. ಅಮೆರಿಕದಲ್ಲಿ ಫಾಲ್ ಅಂದರೆ ಎಲೆ ಉದುರುವ ಕಾಲ, ಸೆಪ್ಟೆಂಬರ್ ನಂತರ. ಅಲ್ಲಿ ಹುಳು ಜೋರಾಗುವುದು ಬೇಸಿಗೆ ಕೊನೆಗೆ. ಇಲ್ಲಿ ಮುಂಗಾರು ಬಿತ್ತನೆಯಾದ ಎರಡು-ಮೂರು ವಾರಕ್ಕೇ ಸುಳಿಗೆ ಇಳಿಯುತ್ತದೆ. ಹೆಸರು ನಂಬಿ ಸೆಪ್ಟೆಂಬರ್‌ಗೆ ಕಾದರೆ ಉಳಿಯುವುದು ದಂಟು.

ನಾನು ಸಾವಯವ ಮಾಡುವವನು, ನನ್ನ ದಾರಿ ಇಷ್ಟು: ಮೊಳಕೆಯಾದ ವಾರದಿಂದಲೇ ಎಲೆಯ ಹಿಂದಿನ ಮೊಟ್ಟೆ ಗುಂಪು ಹುಡುಕಿ ಹೊಸಕುವುದು, ಶೇ 5ರ ಬೇವಿನ ಬೀಜದ ಕಷಾಯ, ಸುಳಿಗೆ 9 ಪಾಲು ಮರಳು 1 ಪಾಲು ಸುಣ್ಣದ ಮಿಶ್ರಣ. ಹುಳು ಚಿಕ್ಕದಿದ್ದಾಗ ಮಾಡಿದರೆ ಕೆಲಸ ಮಾಡುತ್ತದೆ. ಬೆರಳುದ್ದ ಆದ ಮೇಲೆ ಬೇವು ಹೊಡೆದು ನನಗೆ ಫೋನ್ ಮಾಡಿದರೆ ನಾನೇನೂ ಹೇಳಲಾರೆ.

ಫೋನಿನಲ್ಲಿ ಕೇಳುವಾಗ

ಹಿಂದೆ ಸಲಹೆ ಕೇಳುವವನೂ ಹೇಳುವವನೂ ಒಂದೇ ಬದುವಿನ ಮೇಲೆ ನಿಂತಿರುತ್ತಿದ್ದರು. ಹೆಸರು ತಪ್ಪಾದರೂ ಗಿಡ ಕಣ್ಣೆದುರು ಇರುತ್ತಿತ್ತು. ಈಗ ಕಲಬುರಗಿಯವರು ಹಾಕಿದ ಜೋಳದ ವಿಡಿಯೋ ನೋಡಿ ಹರಿಹರದಲ್ಲಿ ಮದ್ದು ಹೊಡೆಯುತ್ತೇವೆ. ಅವರ ಜೋಳ ಬಿಳಿಜೋಳ. ಮೆಕ್ಕೆಜೋಳಕ್ಕೆ ಶಿಫಾರಸಾದ ಟೆಂಬೊಟ್ರಯಾನ್ ಕಳೆನಾಶಕ ಬಿಳಿಜೋಳಕ್ಕೆ ಬಿದ್ದರೆ ಎಲೆ ಬಿಳಿಚಿಕೊಳ್ಳುತ್ತದೆ. ನಾನು ಬಳಸುವುದಿಲ್ಲ, ಬಳಸುವವರು ಡಬ್ಬಿಯ ಮೇಲೆ ಬೆಳೆ ಹೆಸರು ಓದಿ.

ಬೆಲೆಯಲ್ಲೂ ಅಷ್ಟೇ. 2025–26ಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ ಮೆಕ್ಕೆಜೋಳಕ್ಕೆ 2400 ರೂಪಾಯಿ. ಬಿಳಿಜೋಳ ಹೈಬ್ರಿಡ್‌ಗೆ 3699, ಮಾಲ್ದಂಡಿಗೆ 3749. "ಜೋಳಕ್ಕೆ 3699" ಅನ್ನುವ ಒಂದು ಸಾಲಿನ ಮೆಸೇಜ್ ನೋಡಿ ಮೆಕ್ಕೆಜೋಳ ಮನೆಯಲ್ಲಿಟ್ಟುಕೊಂಡು ಕಾದರೆ ನುಸಿಗೆ ಲಾಭ. ಬೆಳೆ ಸಮೀಕ್ಷೆಯಲ್ಲಿ ಬೆಳೆ ಹೆಸರು ಆರಿಸುವಾಗಲೂ ಎಚ್ಚರ. ಸರ್ಕಾರದ ಕಾಗದಗಳಲ್ಲಿ ಬಹಳ ಕಡೆ ನಮ್ಮ ಮೆಕ್ಕೆಜೋಳ "ಮುಸುಕಿನ ಜೋಳ" ಆಗಿರುತ್ತದೆ. ಮೆಕ್ಕೆ ಸಿಗಲಿಲ್ಲ ಅಂತ "ಜೋಳ" ಒತ್ತಿಬಿಟ್ಟರೆ ವಿಮೆಗೂ ಖರೀದಿ ಕೇಂದ್ರಕ್ಕೂ ಹೋದಾಗ ನಿಮ್ಮ ಹೊಲದಲ್ಲಿ ಬೇರೆಯೇ ಬೆಳೆ ಇರುತ್ತದೆ.

ಗುರುತು ಬೇಕಾದರೆ ಬೀಜದ ಚೀಲ ನೋಡಿ. ಝಿಯಾ ಮೇಸ್ ಅಂತಿದ್ದರೆ ಮೆಕ್ಕೆಜೋಳ, ಸೋರ್ಗಂ ಬೈಕಲರ್ ಅಂತಿದ್ದರೆ ಬಿಳಿಜೋಳ. ಎಳೆಯದರಲ್ಲಿ ಎರಡೂ ಗಿಡ ಒಂದೇ ಥರ ಕಾಣುತ್ತವೆ, ಅನುಭವ ಇದ್ದವರೂ ದೂರದಿಂದ ಎಡವುತ್ತಾರೆ. ಹೂ ಬಂದ ಮೇಲೆ ಅನುಮಾನವಿಲ್ಲ. ಬಿಳಿಜೋಳದ ತೆನೆ ತಲೆಯ ಮೇಲೆ. ಮೆಕ್ಕೆಜೋಳಕ್ಕೆ ತಲೆಯ ಮೇಲೆ ಬರೀ ಗಂಡು ಹೂ, ತೆನೆ ದಂಟಿನ ಮಗ್ಗುಲಲ್ಲಿ, ಮುಸುಕು ಹೊದ್ದು.

ಅತ್ತೆ ಮಗ ಮೇವಿನ ಜೋಳ ಹಾಕುವುದನ್ನು ಬಿಡಲಿಲ್ಲ. ಹೋದ ಹಂಗಾಮಿನಲ್ಲಿ ಮೆಸೇಜ್ ಬಂತು: "ಭಾವ, ಬಿಳಿಜೋಳ. 58 ದಿನ. ಹೂವು ಬಂದೈತಿ. ಕೊಯ್ಲಾ?" ಜೊತೆಗೆ ಬೀಜದ ಚೀಲದ ಫೋಟೋ.

"ಹೂವಿನ ಫೋಟೋ ಕಳ್ಸು" ಅಂದೆ. ಎರಡು ಕಳಿಸಿದ. ಎರಡನೆಯದರಲ್ಲಿ ತೆನೆ ಹಿಡಿದು ನಿಂತಿದ್ದವರು ಅತ್ತೆ.